ಸತ್ತೆವ್ವನ ಚಾಳಣಿ

ಭೋಜದಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದ ಸುಗಂಧಾ ಮೊದಲು ಹೊಂದಿಕೊಂಡದ್ದು ಆ ಮನೆಯ ಎರಡು ಸದ್ದುಗಳಿಗೆ. ಒಂದು, ಮುಂದಿನ ಅಂಗಡಿಯಲ್ಲಿ ಚಾರ್ಜಿಗೆ ಹಚ್ಚಿಟ್ಟ ಬ್ಯಾಟರಿಗಳು ಒಳಗೊಳಗೇ ಕುದಿಯುವ ಸದ್ದು. ಇನ್ನೊಂದು, ಹಿಂದಿನ ಖೋಲಿಯಲ್ಲಿ ಅತ್ತೆ ಸತ್ತೆವ್ವ ಕೆಮ್ಮುವ ಸದ್ದು. ಮೊದಲನೆಯದು ನಿಂತರೆ ಕರೆಂಟು ಹೋಗಿದೆ ಎಂದು ತಿಳಿಯುತ್ತಿತ್ತು. ಎರಡನೆಯದು ನಿಂತರೆ ಹೋಗಿ ನೋಡಿ ಬರಬೇಕಾಗುತ್ತಿತ್ತು.

ಗಂಡ ಭರಮುನನ್ನು ಊರೆಲ್ಲ ಬ್ಯಾಟರಿ ಭರಮು ಎಂದೇ ಕರೆಯುತ್ತಿತ್ತು. ಟ್ರ್ಯಾಕ್ಟರು, ಲಾರಿ, ಜೀಪು ಯಾವುದರ ಬ್ಯಾಟರಿ ಸತ್ತರೂ ಅವನ ಹತ್ತಿರ ಬರುತ್ತಿತ್ತು. ಅವನು ಅದನ್ನು ಬಿಚ್ಚಿ, ತೊಳೆದು, ಹೊಸ ಪ್ಲೇಟು ಕೂಡಿಸಿ, ಸಾಲಾಗಿ ಜೋಡಿಸಿ ಒಂದೇ ಚಾರ್ಜರಿಗೆ ಹಚ್ಚುತ್ತಿದ್ದ. ಮಾತು ಕಡಿಮೆ. ಸಿಟ್ಟು ಬಂದರೂ ಕಡಿಮೆಯೇ ಮಾತು. ಆ್ಯಸಿಡ್ ಬಿದ್ದು ಅವನ ಎಲ್ಲ ಅಂಗಿಗಳಲ್ಲೂ ಸಣ್ಣ ಸಣ್ಣ ತೂತು. ಮದುವೆಯಾದ ಹೊಸತರಲ್ಲಿ ಸುಗಂಧಾ ಅವನ್ನು ಹೊಲಿಯಲು ಹೋಗಿ, ಹೊಲಿದಲ್ಲೆಲ್ಲ ಬಟ್ಟೆ ಪುಡಿಯಾದಾಗ ಕೈಬಿಟ್ಟಿದ್ದಳು.

ಭರಮು ಕೈಗೂಸಾಗಿದ್ದಾಗಲೇ ಅಪ್ಪ ಸತ್ತಿದ್ದ. ಅಥಣಿ ತಾಲೂಕಿನ ಅನಂತಪುರದಲ್ಲಿ ಒಂದಿಷ್ಟು ಆಡು, ತುಂಡು ಹೊಲ ಇದ್ದವು. ಮೈದುನರು ಅವೆರಡನ್ನೂ ಇಟ್ಟುಕೊಂಡು ಸತ್ತೆವ್ವನನ್ನು ಮನೆಯಿಂದ ಕಳಿಸಿಬಿಟ್ಟರು. ಅವಳು ಮಗನನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಪ್ಪಾಣಿಗೆ ಬಂದು ತಂಬಾಕಿನ ವಖಾರಿ ಸೇರಿದಳು. ಒಣಗಿದ ತಂಬಾಕನ್ನು ಕುಟ್ಟಿ, ತಂತಿಯ ದೊಡ್ಡ ಜರಡಿಯಲ್ಲಿ ಹಾಕಿ ಸೋಸುವ ಕೆಲಸ. ಆ ಜರಡಿಗೆ ವಖಾರಿಯಲ್ಲಿ ಚಾಳಣಿ ಎನ್ನುತ್ತಾರೆ. ಮೂಗಿಗೆ ಸೆರಗು ಕಟ್ಟಿಕೊಂಡು ಹೆಂಗಸರು ಸಾಲಾಗಿ ಕುಳಿತು ಚಾಳಣಿ ಆಡಿಸತೊಡಗಿದರೆ ಒಳಗೆ ಕಂದು ಮೋಡ ಏಳುತ್ತಿತ್ತು.

"ನನಗ ಅವ್ವನ ಮಾರಿ ನೆನಪಿಲ್ಲ, ಆಗಿಂದು," ಎಂದು ಭರಮು ಒಮ್ಮೆ ಹೆಂಡತಿಗೆ ಹೇಳಿದ್ದ. "ಧೂಳಿನ್ಯಾಗಿಂದ ಒಂದು ಕೈ ಬರತಿತ್ತು. ಕೈಯಾಗ ರೊಟ್ಟಿ ಇರತಿತ್ತು. ಅಷ್ಟ ನೆನಪು."

ಮಗ ಅಂಗಡಿ ಹಾಕಿದ ಮೇಲೂ ಸತ್ತೆವ್ವ ಕೆಲಸ ಬಿಟ್ಟಿರಲಿಲ್ಲ. ವಖಾರಿಯ ಮೆಟ್ಟಿಲು ಹತ್ತಲಾರದೆ ನಡುವೆಯೇ ಕುಳಿತ ದಿನ ಬಿಟ್ಟಳು. ತಂತಿ ಸಡಿಲಾಗಿ ಮೂಲೆಗೆ ಎಸೆದಿದ್ದ ತನ್ನ ಚಾಳಣಿಯನ್ನು ಆವತ್ತೇ ಮನೆಗೆ ತಂದು ಗೋಡೆಯ ಮೊಳೆಗೆ ತೂಗುಹಾಕಿದಳು. ಯಾಕ ತಂದ್ರಿ ಅತ್ತೀ ಎಂದು ಸುಗಂಧಾ ಕೇಳಿದ್ದಳು. "ಇಷ್ಟ ವರ್ಷ ನನ್ನ ಕೈಯಾಗ ಇತ್ತವ್ವಾ. ಅಲ್ಲಿ ಒಂದ ಬಿಟ್ಟ ಬರೂದು ಹೆಂಗ?" ಎಂದಿದ್ದಳು ಮುದುಕಿ.

ಮೊಮ್ಮಗಳು ಹುಟ್ಟಿದಾಗ ಸತ್ತೆವ್ವನ ಅವ್ವನ ಹೆಸರನ್ನೇ ಇಟ್ಟರು, ಸಕ್ಕುಬಾಯಿ. ಸಕ್ಕುಗೆ ಹಲ್ಲು ಬರುವ ಹೊತ್ತಿಗೆ ಮುದುಕಿಗೆ ಕೂಸನ್ನು ಎತ್ತಿಕೊಳ್ಳುವಷ್ಟೂ ದಮ್ಮು ಉಳಿದಿರಲಿಲ್ಲ. ಆ ಮಳೆಗಾಲ ಒಂದು ದಿನ ತುಟಿ ನೀಲಿಗಟ್ಟಿದವು. ಭರಮು ಗಿರಾಕಿಯ ಜೀಪಿನಲ್ಲೇ ಅವಳನ್ನು ದವಾಖಾನೆಗೆ ಒಯ್ದ.

ಅಲ್ಲಿ ಮೂಗಿಗೆ ನಳಿಗೆ ಹಚ್ಚಿ ಆಕ್ಸಿಜನ್ ಬಿಟ್ಟರು. ಮರುದಿನವೇ ಸತ್ತೆವ್ವ ಎದ್ದು ಕುಳಿತಳು. ರೊಟ್ಟಿ ಬೇಡಿದಳು. ಪಕ್ಕದ ಮಂಚದವಳ ಜತೆ ಜಗಳವನ್ನೂ ಆಡಿದಳು. ಭರಮು ಆ ಕಬ್ಬಿಣದ ಸಿಲಿಂಡರನ್ನು ದೇವರನ್ನು ನೋಡಿದಂತೆ ನೋಡುತ್ತ ನಿಂತಿದ್ದ.

ಮನೆಗೆ ಕಳಿಸುವ ದಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದರು. ಎದೆಯೊಳಗೆ ಸಣ್ಣ ಸಣ್ಣ ಚೀಲಗಳಿರುತ್ತವೆ. ಎಲ್ಲ ಬಿಚ್ಚಿ ಹಾಸಿದರೆ ದೊಡ್ಡ ಅಂಗಳದಷ್ಟು ಮೈ. ಉಸಿರು ರಕ್ತಕ್ಕೆ ಸೇರುವುದು ಆ ಮೈಯಿಂದ. ಇವರಿಗೆ ಧೂಳು ಕುಳಿತು ಕುಳಿತು ಆ ಮೈ ಸತ್ತಿದೆ, ಒಂದು ಜಮಖಾನದಷ್ಟು ಉಳಿದಿರಬಹುದು. ಅದು ತಿರುಗಿ ಬರುವುದಿಲ್ಲ. ಆಕ್ಸಿಜನ್ ಇದ್ದರೆ ಉಳಿದಷ್ಟರಲ್ಲಿ ನಡೆಯುತ್ತದೆ.

"ಮನಿಗೆ ಒಂದು ಸಿಲಿಂಡರ್ ಕೊಡ್ರಿ ಸಾಹೇಬ್ರ," ಎಂದ ಭರಮು.

"ಎಲ್ಲಿಂದ ಕೊಡ್ಲಪಾ. ಕೊಲ್ಲಾಪುರದಿಂದ ಬಂದ್ರ ನಮಗ ಸಾಲೂದಿಲ್ಲ. ಮನಿಗೆ ಕೊಡೂದು ಅಂತ ಇಲ್ಲೇ ಇಲ್ಲ."

"ನಿಮಿಷಕ್ಕ ಎಷ್ಟು ಬೇಕರಿ ಅಕಿಗೆ?"

ಡಾಕ್ಟರು ಅವನ ಮುಖ ನೋಡಿದರು. "ಒಂದು ಲೀಟರ್ ಆದ್ರ ಛಲೋ. ಅರ್ಧ ಸಿಕ್ರೂ ಉಪಯೋಗ ಐತಿ. ಯಾಕ?"

ಯಾಕೆಂಬುದನ್ನು ಭರಮು ಬರುವಾಗ ದಾರಿಯಲ್ಲಿ ಸುಗಂಧಾಗೆ ಹೇಳಿದ. ಬ್ಯಾಟರಿ ಚಾರ್ಜ್ ಪೂರಾ ಆದ ಮೇಲೂ ಬಿಟ್ಟರೆ ಕುದಿಯುತ್ತದಲ್ಲ, ಅದು ಬಿಸಿಗೆ ಕುದಿಯುವುದಲ್ಲ, ಕರೆಂಟು ನೀರನ್ನು ಒಡೆಯುವುದು. ಒಂದು ಪ್ಲೇಟಿನಲ್ಲಿ ಉರಿಯುವ ಗ್ಯಾಸು, ಇನ್ನೊಂದರಲ್ಲಿ ಉಸಿರಿನ ಗ್ಯಾಸು. ಶಾಲೆಯಲ್ಲಿ ಗುರುಗಳು ಗಾಜಿನ ನಳಿಗೆಯಲ್ಲಿ ತೋರಿಸಿದ್ದರು. ಬ್ಯಾಟರಿ ಕೆಲಸ ಕಲಿಸಿದ ಉಸ್ತಾದರು ಚಾರ್ಜಿಂಗಿನ ಹತ್ತಿರ ಬೀಡಿ ಹಚ್ಚಿದವನ ಕಪಾಳಕ್ಕೆ ಹೊಡೆಯುತ್ತಿದ್ದದ್ದೂ ಅದಕ್ಕೇ. "ಇಷ್ಟ ವರ್ಷ ಆ ಗ್ಯಾಸ್ ನಾ ಸುಮ್ನ ಹೊರಗ ಬಿಟ್ಟೇನಿ," ಎಂದ. ಅವನ ದನಿಯಲ್ಲಿ ಕಳವು ಮಾಡಿದವನ ಸಂಕಟ ಇತ್ತು.

ಸುಗಂಧಾಗೆ ಅರ್ಧ ತಿಳಿಯಿತು. ತಿಳಿದ ಅರ್ಧ ಸಾಕಾಗಿತ್ತು.

ಮೊದಲು ಅವನು ಉಪ್ಪಿನಕಾಯಿಯ ಗಾಜಿನ ಬರಣಿಯಲ್ಲಿ ನೀರು ತುಂಬಿ, ಕರೆಂಟು ಹಾಯಲೆಂದು ಉಪ್ಪು ಹಾಕಿ, ಎರಡು ಸ್ಟೀಲ್ ತಗಡು ಇಳಿಬಿಟ್ಟ. ಗುಳ್ಳೆ ಭರ್ಜರಿ ಬಂದವು. ಆ ದಿನವೇ ಅವ್ವನಿಗೆ ಹಚ್ಚುವವನಿದ್ದ. ಕೂಸಿಗೆ ಹಾಲು ಕುಡಿಸುತ್ತ ಕುಳಿತಿದ್ದ ಸುಗಂಧಾ ಮೂಗರಳಿಸಿದಳು.

"ಈ ವಾಸನಿ ನನಗ ಗೊತ್ತೈತ್ರಿ. ಭೋಜದಾಗ ಪಂಚಾಯ್ತಿಯವರು ಬಾವಿಗೆ ಬಿಳೇ ಪುಡಿ ಹಾಕಿದಾಗ ಇದ ಬರತಿತ್ತು. ಕಣ್ಣ ಉರೀತಿದ್ದೂ. ಇದನ್ನ ಅತ್ತಿ ಮೂಗಿಗೆ ಇಡತೀರೇನ್ರಿ?"

ಭರಮು ಮೂಸಿ ನೋಡಿ ಕೆಮ್ಮಿದ. ಬರಣಿಯನ್ನು ಗಟಾರಕ್ಕೆ ಸುರಿದು ಬಂದ. ಆಮೇಲೆ ವಿಷದ ಗ್ಯಾಸು ಎಬ್ಬಿಸುವ ಉಪ್ಪು ಬಿಟ್ಟು, ಸಾಬೂನು ಮಾಡುವವರು ಬಳಸುವ ಕಾಸ್ಟಿಕ್ ಸೋಡಾ ತಂದ. ಅವತ್ತಿನಿಂದ ಅತ್ತೆಯ ಖೋಲಿಯ ಕಾಯಿದೆಗಳನ್ನು ಸುಗಂಧಾ ಮಾಡಿದಳು. ಸೋಡಾದ ನೀರು ಸಕ್ಕುಗೆ ಸಿಗದ ಎತ್ತರದಲ್ಲಿ ಇರಬೇಕು. ಬರುವ ಗ್ಯಾಸು ಸಾದಾ ನೀರಿನ ಬಾಟ್ಲಿಯಲ್ಲಿ ತೊಳೆದುಕೊಂಡೇ ಮೂಗಿಗೆ ಹೋಗಬೇಕು. ಉರಿಯುವ ಗ್ಯಾಸಿನ ನಳಿಗೆ ಹೆಂಚಿನ ಮೇಲೆ ಹೊರಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು, ಆ ಖೋಲಿಯಲ್ಲಿ ಯಾರೂ ಬೆಂಕಿಕಡ್ಡಿ ಗೀರುವಂತಿಲ್ಲ.

ಸತ್ತೆವ್ವನಿಗೆ ಕಷ್ಟವಾದದ್ದು ಇದೊಂದು. ಕೊಕಟನೂರ ಎಲ್ಲಮ್ಮನ ಫೋಟೋ ಅವಳ ತಲೆದಿಂಬಿನ ಮೇಲಿನ ಗೂಡಿನಲ್ಲಿತ್ತು. ಪ್ರತಿ ಶುಕ್ರವಾರ ಅಲ್ಲಿ ದೀಪ ಹಚ್ಚುತ್ತಿದ್ದಳು. ಧೂಳು ತಿಂದು ಬಂದ ದಿನವೂ ತಪ್ಪಿಸಿದವಳಲ್ಲ.

"ಒಂದ ಸಣ್ಣ ಬತ್ತಿನೋ, ಭರಮ್ಯಾ."

"ಸಣ್ಣದೂ ಬ್ಯಾಡವ್ವಾ. ಗ್ಯಾಸ್ ಐತಿ."

"ಎಲ್ಲವ್ವ ಕತ್ತಲ್ಯಾಗ ಕುಂದರಬೇಕೇನಪಾ ಹಂಗಾರ?"

"ಬಲ್ಬ್ ಹಚ್ಚತೀನಿ."

"ಬಲ್ಬಿಗೆ ಯಾರ ಕೈ ಮುಗೀತಾರೋ ಲೇ," ಎಂದು ಮುದುಕಿ ನಕ್ಕು, ನಕ್ಕದ್ದಕ್ಕೆ ಬಹಳ ಹೊತ್ತು ಕೆಮ್ಮಿದಳು. ದೀಪ ಹಿತ್ತಿಲಿನ ತುಳಸಿಯ ಹತ್ತಿರ ಹೋಯಿತು. ಮಲಗಿದಲ್ಲಿಂದ ಕಾಣಲೆಂದು ಸುಗಂಧಾ ಶುಕ್ರವಾರ ಹಿತ್ತಿಲ ಬಾಗಿಲು ತೆರೆದಿಡುತ್ತಿದ್ದಳು. ಗಾಳಿಗೆ ಅದು ಬೇಗ ಆರುತ್ತಿತ್ತು.

ಪಕ್ಕದ ಸೈಕಲ್ ಅಂಗಡಿಯ ಬಾಳಾಸಾಬನಿಗೆ ಇದೆಲ್ಲ ದಿನದ ತಮಾಷೆ. "ಏನಪಾ ಭರಮು, ನೀರಿನ್ಯಾಗಿಂದ ಹವಾ ಹಿಂಡತೀಯಂತ. ನನಗೂ ಒಂದೀಟು ಕೊಡು, ಪಂಪ್ ಹೊಡದ ಹೊಡದ ರಟ್ಟಿ ಬಿದ್ದಾವ." ಮೊದಲ ಸಲ ಆಕ್ಸಿಜನ್ ಹಿಡಿದ ಬಾಟ್ಲಿಯನ್ನು ಬೀದಿಗೆ ತಂದು, ಭರಮು ಅದರೊಳಗೆ ಕೆಂಡ ಮಾತ್ರ ಉಳಿದಿದ್ದ ಊದಿನಕಡ್ಡಿ ಇಳಿಬಿಟ್ಟಾಗ ಕಡ್ಡಿ ಫಕ್ಕನೆ ಜ್ವಾಲೆಯಾಗಿ ಉರಿಯಿತು. ಬಾಳಾಸಾಬನ ತಮಾಷೆ ನಿಂತಿತು. ಅವನೇ ತನ್ನಲ್ಲಿದ್ದ ಸೈಕಲ್ ಟ್ಯೂಬಿನ ವಾಲ್ವಿನ ರಬ್ಬರು ನಳಿಗೆ, ಅಂಟು ಎಲ್ಲ ತಂದುಕೊಟ್ಟ.

ಆದರೆ ಗ್ಯಾಸು ಕಡಿಮೆ. ಬ್ಯಾಟರಿಯವನ ಕೈ ಅವನದು. ಬ್ಯಾಟರಿಯಲ್ಲಿ ಪ್ಲೇಟುಗಳನ್ನು ಎಷ್ಟು ಒತ್ತಾಗಿ ಕೂಡಿಸಿದರೆ ಅಷ್ಟು ಒಳ್ಳೆಯದು. ಇಲ್ಲೂ ಹಾಗೆಯೇ ಮಾಡಿದ. ಹತ್ತಾರು ಸ್ಟೀಲ್ ತಗಡು ಕತ್ತರಿಸಿ, ನಡುವೆ ದಪ್ಪ ಖಾದಿ ಬಟ್ಟೆ ಇಟ್ಟು, ಪುಸ್ತಕದ ಹಾಳೆಗಳಂತೆ ಒತ್ತಿ ಬಿಗಿದ. ಗುಳ್ಳೆ ಹುಟ್ಟುವುದು ಲೋಹದ ಮೈಮೇಲೆ, ಆದ್ದರಿಂದ ಮೈ ಹೆಚ್ಚಾದರೆ ಗ್ಯಾಸು ಹೆಚ್ಚಾಗಬೇಕು ಎಂಬುದು ಅವನ ಲೆಕ್ಕ. ಹಚ್ಚಿದ ಕೂಡಲೇ ಕರೆಂಟು ಎಷ್ಟೆಂದು ತೋರಿಸುವ ಚಾರ್ಜರಿನ ಮುಳ್ಳು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಇಳಿದು ಮಲಗುತ್ತಿತ್ತು. ನೀರು ಕೈ ಇಡಲಾರದಷ್ಟು ಬಿಸಿಯಾಗುತ್ತಿತ್ತು. ಯಾಕೆಂದು ತಿಳಿಯದೆ ಅವನು ಇನ್ನಷ್ಟು ತಗಡು ತುರುಕುತ್ತಿದ್ದ. ಬಾಟ್ಲಿಯಲ್ಲಿ ಒಂದೊಂದೇ ಗುಳ್ಳೆ, ಯೋಚನೆ ಮಾಡಿ ಬಂದಂತೆ ಬರುತ್ತಿತ್ತು.

ಆದರೂ ಅವ್ವ, ನಳಿಗೆ ಮೂಗಿಗೆ ಹಚ್ಚಿದೊಡನೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. "ಹಗುರಾತಪಾ. ಎದಿ ಹಗುರಾತು."

ಆ ಒಂದು ಮಾತಿಗೆ ಭರಮು ಇಡೀ ದಿನ ಊಟವಿಲ್ಲದೆ ದುಡಿಯಬಲ್ಲವನಾಗಿದ್ದ.

ಗಣಪತಿ ಹಬ್ಬದ ಮುಂದೆ ಒಂದು ಮಧ್ಯಾಹ್ನ ಸುಗಂಧಾ ಅತ್ತೆಯ ಖೋಲಿಯಲ್ಲಿ ಕೂಸಿನ ದುಪಟಿಗಳನ್ನು ಮಡಚುತ್ತ ಕುಳಿತಿದ್ದಳು. ಮುಂದಿನ ಅಂಗಡಿಯ ಸದ್ದು ಫಕ್ಕನೆ ನಿಂತಿತು. ಕರೆಂಟು ಹೋಗಿತ್ತು. ಬಾಟ್ಲಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ. ಅಷ್ಟರಲ್ಲಿ ಗಿರಾಕಿಯ ಜತೆ ಹೊರಗೆ ನಿಂತಿದ್ದ ಭರಮು ಕೂಗಿ ಕೇಳಿದ, "ಅವ್ವಾ, ಹೆಂಗೈತಿ?"

ಕಣ್ಣು ಮುಚ್ಚಿಕೊಂಡೇ ಮುದುಕಿ ಹೇಳಿದಳು, "ಹಗುರಾಗೇತಪಾ. ಭಾಳ ಹಗುರಾಗೇತಿ."

ಸುಗಂಧಾಳ ಕೈ ದುಪಟಿಯ ಮೇಲೇ ನಿಂತಿತು. ಸತ್ತೆವ್ವ ಕಣ್ಣು ತೆರೆದಳು. ಸೊಸೆಯ ಮುಖ ನೋಡಿದಳು, ಬಾಟ್ಲಿ ನೋಡಿದಳು.

"ಯಾವಾಗಿಂದ ಹಿಂಗ ಸುಮ್ನ ಅನ್ನಾಕತ್ತೀರಿ ಅತ್ತೀ?"

"ಮೊದಲಿಂದನೂ," ಎಂದಳು ಮುದುಕಿ. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ಅಂವಾ ಆ ಧೂಳಿನ್ಯಾಗ ಬೆಳದ. ನಾ ಅಲ್ಲಿ ಕುಂತದ್ದು ಅಂವಗಾಗಿ ಅಂತ ಅಂವಗ ಗೊತ್ತೈತಿ. ತಿರುಗಿ ಕೊಡಬೇಕಂತಾನ. ಕೊಟ್ಟೀನಿ ಅಂತ ತಿಳಕೊಳ್ಳಲಿ ಬಿಡ. ನೀ ಹೇಳಬ್ಯಾಡ."

"ತುಟಿ ನೀಲಿ ಆದ್ರ ದವಾಖಾನಿಗೆ ಕರಕೊಂಡ ಬರ್ರಿ ಅಂದಾರ ಡಾಕ್ಟರು."

"ಅಲ್ಲಿ ಸಕ್ಕು ಇರೂದಿಲ್ಲ."

ಸುಗಂಧಾ ಎದ್ದು ಅತ್ತೆಯ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟಳು. ನಳಿಗೆ ಒತ್ತಿ ಕೆಂಪಾಗಿದ್ದ ಗುರುತಿಗೆ ಮೂಗಿನ ಕೆಳಗೆ ಕೊಬ್ಬರಿ ಎಣ್ಣೆ ಸವರಲು ಕೈ ಎತ್ತಿ, ಎಣ್ಣೆ ಈ ಗ್ಯಾಸಿನ ಹತ್ತಿರ ಬೇಡ ಎಂದು ಗಂಡ ಹೇಳಿದ್ದು ನೆನಪಾಗಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಅಳು ಬಂದದ್ದು ಆ ಸಣ್ಣ ಕಾರಣಕ್ಕೆ.

ಅವಳು ಸುಳ್ಳನ್ನು ಎರಡು ದಿನ ಹೊತ್ತಳು. ಅದಕ್ಕಿಂತ ಹೆಚ್ಚು ಆಗಲಿಲ್ಲ. ಹೇಳದಿದ್ದರೆ ಅವ್ವ ಹಗುರವಾಗಿದ್ದಾಳೆಂದು ಅವನು ಸುಮ್ಮನಿರುತ್ತಾನೆ, ಅವಳು ಅವನ ಕಣ್ಣೆದುರೇ ಮುಳುಗುತ್ತಾಳೆ. ಹೇಳಿದರೆ ಅವನು ಒಳಗೆ ಮುರಿಯುತ್ತಾನೆ. ಮುರಿದವನಿಗೆ ಊಟ ಹಾಕಬಹುದು ಎಂದುಕೊಂಡು ಹೇಳಿದಳು. ಅವನು ಪಕ್ಕಡದಿಂದ ಬ್ಯಾಟರಿಯ ತಂತಿ ಬಿಗಿಯುತ್ತಿದ್ದ.

"ಕರೆಂಟ್ ಇರಲಾರದಾಗೂ ಹಂಗ ಅಂದ್ಳಾ?"

"ಅಂದ್ರು."

"ನಿನಗ ಬರೋಬ್ಬರಿ ಕೇಳಿಸ್ತಾ?"

"ರೀ, ನಾ ಅಲ್ಲೇ ಕುಂತಿದ್ದೆ."

ಅವನು ಪಕ್ಕಡ ಕೆಳಗಿಟ್ಟ. ನೀರು ತುಂಬಿದ ಒಂದು ಲೀಟರಿನ ಬರಣಿಯನ್ನು ನೀರಲ್ಲಿ ಬೋರಲು ಹಾಕಿ ನಳಿಗೆ ತೂರಿಸಿ, ತನ್ನ ಗ್ಯಾಸು ಅದನ್ನು ಎಷ್ಟು ಹೊತ್ತಿಗೆ ತುಂಬುತ್ತದೆಂದು ನೋಡುತ್ತ ಕುಳಿತ. ಅಷ್ಟು ದಿನ ಅಳೆಯಲು ಹೆದರಿಯೇ ಅಳೆದಿರಲಿಲ್ಲ. ಸುಗಂಧಾ ಅಡಿಗೆ ಮುಗಿಸಿ ಬಂದು ನೋಡಿದರೂ ಬರಣಿ ಪೂರಾ ತುಂಬಿರಲಿಲ್ಲ. ಅವ್ವನಿಗೆ ಬೇಕಾದದ್ದು ಪ್ರತಿ ನಿಮಿಷಕ್ಕೆ ಅಂಥದ್ದೊಂದು ಬರಣಿ. ಅವನು ಆ ಹೊತ್ತು ಉಣ್ಣಲಿಲ್ಲ. ಅವ್ವ ಹಗುರಾತು ಎಂದಾಗ ಮೊದಲಿನಂತೆಯೇ ತಲೆಯಾಡಿಸಿದ. ಸುಗಂಧಾಗೆ ಆ ತಲೆಯಾಡಿಸುವುದನ್ನು ನೋಡಲಾಗುತ್ತಿರಲಿಲ್ಲ.

ಈ ಗಂಟು ಬಿಡಿಸಿಕೊಟ್ಟವಳು ಸಕ್ಕು, ಅದೂ ಸ್ನಾನ ಮಾಡುವಾಗ. ಎದ್ದು ನಿಂತು ಗೋಡೆ ಹಿಡಿದು ನಡೆಯುವ ವಯಸ್ಸು. ಮೊಳೆಯ ಮೇಲಿನ ಚಾಳಣಿ ಬೇಕೇ ಬೇಕೆಂದು ಅತ್ತದ್ದಕ್ಕೆ ಸುಗಂಧಾ ಅದನ್ನು ಸ್ನಾನದ ಟಬ್ಬಿನ ನೀರೊಳಗೆ ಹಾಕಿಕೊಟ್ಟಿದ್ದಳು. ಕೂಸು ಚಾಳಣಿಯನ್ನು ತಳಕ್ಕೆ ಒತ್ತಿತು, ಸಿಕ್ಕಿಕೊಂಡಿದ್ದ ಗಾಳಿ ತಂತಿಯ ಸಂದುಗಳಲ್ಲಿ ಬುಳುಬುಳು ಮೇಲೆ ಬಂತು. ಆಮೇಲೆ ತಾಟು ಒತ್ತಿತು. ತಾಟಿನ ಕೆಳಗೆ ಗುಳ್ಳೆಗಳು ಅಂಟಿಕೊಂಡು ಕುಳಿತವು, ಒಂದೂ ಬರಲಿಲ್ಲ. ಭರಮು ಕೈ ತೊಳೆಯಲು ಬಂದವನು ನಿಂತ. ಮಗಳ ಕೈಯಿಂದ ತಾಟು ತೆಗೆದುಕೊಂಡು ತಾನೇ ಒತ್ತಿ ನೋಡಿದ. ಚಾಳಣಿ ಒತ್ತಿ ನೋಡಿದ. ಸಕ್ಕು ಅಳತೊಡಗಿತು.

"ಗುಳ್ಳಿ ಹೋಗಾಕ ದಾರಿ ಇಲ್ಲ," ಎಂದ. "ನಾ ಒತ್ತಿ ಒತ್ತಿ ಇಟ್ಟೇನಿ. ಹುಟ್ಟಿದ ಗುಳ್ಳಿ ಅಲ್ಲೇ ಕುಂತು ತಗಡಿನ ಮೈ ಮುಚ್ಚಾಕತ್ತೈತಿ. ಮೈ ಇದ್ದೂ ಇಲ್ಲಾಂಗ."

"ಅತ್ತಿ ಎದಿ ಇದ್ದಾಂಗ," ಎಂದು ಸುಗಂಧಾಳ ಬಾಯಿಗೆ ಬಂದಿತ್ತು. ನುಂಗಿಕೊಂಡು ಕೂಸನ್ನು ಟಾವೆಲ್ಲಿನಲ್ಲಿ ಸುತ್ತಿದಳು.

ಚಾಳಣಿಯ ಒಂದೊಂದು ತಂತಿಗೂ ಸುತ್ತಲೂ ಮೈ ಇದೆ. ಹುಟ್ಟಿದ ಗುಳ್ಳೆ ನಿಲ್ಲದೆ ಸಂದಿಯಿಂದ ಎದ್ದು ಹೋಗುತ್ತದೆ. ಅವನು ಅವ್ವನ ಮಂಚದ ಹತ್ತಿರ ಹೋಗಿ ಚಾಳಣಿ ಕೇಳಿದ.

"ಕತ್ತರಸ್ತೀಯೇನು?"

"ಕತ್ತರಸ್ಬೇಕಾಗತೈತಿ."

ಸತ್ತೆವ್ವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೈ ಹಿಡಿದು ಹಿಡಿದು ಸವೆದು ಹೊಳೆಯುತ್ತಿದ್ದ ಕಟ್ಟಿಗೆಯ ಅಂಚನ್ನು ಒಂದು ಸುತ್ತು ಸವರಿದಳು. "ಇದರಿಂದನ ಹೋದದ್ದು. ಇದರಿಂದನ ಬರ್ಲಿ," ಎಂದು ಕೊಟ್ಟಳು.

ಒಂದೇ ಚಾಳಣಿ ಸಾಲುವಂತಿರಲಿಲ್ಲ. ಆ ಸುದ್ದಿ ಹೇಗೋ ವಖಾರಿಗೆ ಮುಟ್ಟಿತು. ಸತ್ತೆವ್ವನ ಪಕ್ಕದಲ್ಲೇ ಇಷ್ಟು ವರ್ಷ ಕುಳಿತು ಸೋಸಿದ ದುಂಡವ್ವ ಒಂದು ಸಂಜೆ ಬಂದಳು, ಸೀರೆಯೊಳಗೆ ಏನೋ ಅವಚಿಕೊಂಡು.

"ಏನ ಅದು ದುಂಡಿ, ಬಸುರಾಗೀಯೇನ ಈ ವಯಸ್ಸಿನ್ಯಾಗ?" ಎಂದಳು ಮಂಚದ ಮೇಲಿನ ಸತ್ತೆವ್ವ.

"ಹೂಂ ಬೇ, ನಿನ್ನ ಸಲುವಾಗಿ ಆಗೇನಿ," ಎಂದು ದುಂಡವ್ವ ಸೆರಗು ಸರಿಸಿ ಹಳೆಯ ಚಾಳಣಿ ತೆಗೆದಳು. ಮರುದಿನ ಇನ್ನಿಬ್ಬರು ಬಂದರು. ಆಮೇಲೆ ದಿನವೂ ಯಾರೋ ಒಬ್ಬರು. ಹರಿದವು, ತುಕ್ಕು ಹಿಡಿದವು, ಇನ್ನೂ ತಂಬಾಕಿನ ಘಾಟು ಬಿಡದವು. ಸುಗಂಧಾ ಅವನ್ನೆಲ್ಲ ಬಿಸಿನೀರು, ಬೂದಿ ಹಾಕಿ ತಿಕ್ಕಿದಳು. ಎಷ್ಟು ತಿಕ್ಕಿದರೂ ಕಂದು ನೀರು ಹರಿಯುತ್ತಲೇ ಇತ್ತು. ಇಷ್ಟೂ ಆ ಹೆಂಗಸರ ಎದೆಯಲ್ಲಿದೆ ಎಂದು ಅವಳಿಗೆ ಹೊಳೆಯಿತು.

ಭರಮು ಈ ಸಲ ಅವಸರ ಮಾಡಲಿಲ್ಲ. ತಂತಿಯ ಜಾಳಿಗೆಯನ್ನು ಅಳತೆಗೆ ಕತ್ತರಿಸಿ, ಲಾರಿ ಬ್ಯಾಟರಿಗಳ ಖಾಲಿ ಪೆಟ್ಟಿಗೆಗಳ ಒಂದೊಂದು ಖಾನೆಯಲ್ಲಿ, ಅವನ ಮಾತಿನಲ್ಲಿ ಮನೆಯಲ್ಲಿ, ಎರಡೆರಡು ಇಳಿಬಿಟ್ಟ. ನಡುವೆ ಬಟ್ಟೆಯ ಪರದೆ, ಗುಳ್ಳೆ ಏಳಲು ಬೆರಳಿನ ಸಂದು. ಬ್ಯಾಟರಿಗಳನ್ನು ಚಾರ್ಜಿಗೆ ಹಚ್ಚುವಂತೆಯೇ ಎಲ್ಲ ಮನೆಗಳನ್ನೂ ಒಂದರ ಬಾಲ ಇನ್ನೊಂದರ ತಲೆಗೆ ಎಂದು ಸಾಲಾಗಿ ಜೋಡಿಸಿದ. ಹೋಗುವ ಕರೆಂಟು ಅದೇ, ಆದರೆ ಒಂದೊಂದು ಮನೆಯಲ್ಲೂ ಅದು ಗುಳ್ಳೆ ಎಬ್ಬಿಸಿಯೇ ಮುಂದೆ ಹೋಗಬೇಕು. ಸತ್ತೆವ್ವನ ಚಾಳಣಿಯನ್ನು ಮಾತ್ರ ಗಾಜಿನ ಬರಣಿಯಲ್ಲಿಟ್ಟು, ಸಾಲಿನ ಕೊನೆಗೆ ಅವಳಿಗೆ ಕಾಣುವ ಹಾಗೆ ಇಟ್ಟ.

ಸ್ವಿಚ್ ಹಾಕಿದಾಗ ಮುಳ್ಳು ಏರಿತು, ಇಳಿಯಲಿಲ್ಲ. ನೀರು ಉಗುರು ಬೆಚ್ಚಗಾಗಿ ಅಲ್ಲೇ ನಿಂತಿತು. ಬರಣಿಯೊಳಗೆ ತಂತಿ ತಂತಿಯಿಂದ ಹಾಲಿನಂತೆ ಬೆಳ್ಳಗೆ ಗುಳ್ಳೆ ಎದ್ದವು. ಅಳೆದಾಗ ನಿಮಿಷಕ್ಕೆ ಅರ್ಧ ಲೀಟರಿನ ಹತ್ತಿರ ಹತ್ತಿರ.

ಆ ದಿನ ನಳಿಗೆ ಹಚ್ಚಿದ ಮೇಲೆ ಸತ್ತೆವ್ವ ಹಗುರಾತು ಎನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭರಮುನ ಮುಖ ಬಿಳಿಚಿತು. ಸ್ವಲ್ಪ ಹೊತ್ತಿಗೆ ಮುದುಕಿ ತಲೆ ಎತ್ತಿ ಅಡಿಗೆಮನೆಯತ್ತ ಮೂಗು ಮಾಡಿದಳು.

"ಸುಗಂಧಾ, ಬದನಿಕಾಯಿ ತಳ ಹತ್ತೇತಿ. ಎಲ್ಲಿ ಧ್ಯಾನ ಐತಿ ನಿಂದು? ಗುರೆಳ್ಳ ಪುಡಿನರ ಹಾಕೀಯೋ ಇಲ್ಲೋ?"

ಇಷ್ಟು ಉದ್ದ ಮಾತನ್ನು ಒಂದೇ ಉಸಿರಿನಲ್ಲಿ ಅವಳು ಆಡಿ ತಿಂಗಳುಗಳಾಗಿದ್ದವು. ಸುಗಂಧಾ ಸೌಟು ಹಿಡಿದೇ ಓಡಿ ಬಂದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭರಮು ಅಂಗಡಿಗೆ ಹೋಗಿ ಗಿರಾಕಿಗೆ ಬೆನ್ನು ಮಾಡಿ ನಿಂತು ಕಣ್ಣು ಒರೆಸಿಕೊಂಡ.

ಆ ಚಳಿಗಾಲ ಮನೆಯಲ್ಲಿ ಬೈಗುಳ ತುಂಬಿತ್ತು. ಸತ್ತೆವ್ವ ಸೊಸೆಯ ಸಾರು, ಮಗನ ಗಡ್ಡ, ಬಾಳಾಸಾಬನ ರೇಡಿಯೋ ಯಾವುದನ್ನೂ ಬಿಡಲಿಲ್ಲ. ಸಕ್ಕುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅನಂತಪುರದ ಆಡುಗಳ ಹೆಸರು ಕಲಿಸಿದಳು. ದುಂಡವ್ವ ಮತ್ತು ಗೆಳತಿಯರು ರಜೆಯ ದಿನ ಬಂದು ಪೆಟ್ಟಿಗೆಗಳ ಮುಂದೆ ಕುಳಿತು ಕೇಳುತ್ತಿದ್ದರು, "ಭರಮು, ನನ್ನ ಚಾಳಣಿ ಯಾವುದೋ? ಛಲೋ ದುಡೀತೈತೇನು?" ಅವನು ಬೆರಳು ಮಾಡಿ ತೋರಿಸುತ್ತಿದ್ದ. "ನಿಂದ ಎಲ್ಲಾಕಿಂತ ಆಳಸಿ ಚಿಗವ್ವಾ, ನಿನ್ನಾಂಗ." ಹೆಂಗಸರು ಕೆಮ್ಮುತ್ತ ನಗುತ್ತಿದ್ದರು. ಅವನಿಗೆ ಪ್ರತಿಯೊಂದೂ ನೆನಪಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವ್ವನ ಬರಣಿಗೆ ಉಗುರಿನಿಂದ ಎರಡು ಸಲ ತಟ್ಟಿ, ತಂತಿಗೆ ಅಂಟಿಕೊಂಡ ಗುಳ್ಳೆಗಳನ್ನು ಎಬ್ಬಿಸುವುದು ಅವನ ಪೂಜೆಯಾಗಿತ್ತು.

ಬೇಸಿಗೆ ಬಂತು. ಕರೆಂಟು ಹೋಗುವುದು ಹೆಚ್ಚಾಯಿತು. ಆಗೆಲ್ಲ ಅವನು ತನ್ನ ಸ್ವಂತದ ಬ್ಯಾಟರಿಗಳಿಗೆ ಸಾಲನ್ನು ಹಚ್ಚುತ್ತಿದ್ದ. ಗ್ಯಾಸು ನಿಲ್ಲಲು ಬಿಡಲಿಲ್ಲ. ಆದರೆ ಸತ್ತೆವ್ವ ಬೈಯುವುದು ಕಡಿಮೆಯಾಯಿತು. ಮೊದಲು ಬಾಳಾಸಾಬನನ್ನು ಬಿಟ್ಟಳು, ಆಮೇಲೆ ಮಗನನ್ನು. ಕೊನೆಗೆ ಒಂದು ದಿನ ಉಪ್ಪಿಲ್ಲದ ಅಂಬಲಿ ಕುಡಿದು ಏನೂ ಅನ್ನದೆ ಬಟ್ಟಲು ಕೊಟ್ಟಳು. ಸುಗಂಧಾ ಆ ಬಟ್ಟಲನ್ನು ಹಿಡಿದುಕೊಂಡು ಅಡಿಗೆಮನೆಯಲ್ಲಿ ಬಹಳ ಹೊತ್ತು ನಿಂತಳು.

ದವಾಖಾನೆಗೆ ಹೋಗೋಣವೆಂದಾಗ ಮುದುಕಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರೇ ಮನೆಗೆ ಬಂದರು. ಪೆಟ್ಟಿಗೆಗಳ ಸಾಲು, ನಳಿಗೆ, ಬಾಟ್ಲಿ ಎಲ್ಲ ನೋಡಿ ಭರಮುನ ಹೆಗಲ ಮೇಲೆ ಕೈ ಇಟ್ಟರು. "ಗ್ಯಾಸಿಗೆ ಏನೂ ಕಡಿಮಿ ಇಲ್ಲಪಾ. ತಗೊಳ್ಳೋ ಮೈ ಉಳದಿಲ್ಲ," ಎಂದರು. ಅವರು ಹೋದ ಮೇಲೆ ಭರಮು ಇನ್ನೆರಡು ಪೆಟ್ಟಿಗೆ ಕೂಡಿಸಲು ಕುಳಿತ. ಸುಗಂಧಾ ಬೇಡ ಎನ್ನಲಿಲ್ಲ. ಕತ್ತರಿಸಿದ ತಂತಿಯ ತುದಿಗಳು ಕೂಸಿನ ಕಾಲಿಗೆ ಚುಚ್ಚದಂತೆ ನೆಲ ಗುಡಿಸುತ್ತ ಅಲ್ಲೇ ಇದ್ದಳು.

ಸತ್ತೆವ್ವ ಹೋದದ್ದು ಒಂದು ಮಧ್ಯಾಹ್ನ, ಸಕ್ಕು ಅವಳ ಕಾಲ ಬಳಿ ಮಲಗಿದ್ದಾಗ. ಕರೆಂಟು ಇತ್ತು. ಬಾಟ್ಲಿಯಲ್ಲಿ ಗುಳ್ಳೆ ಬರುತ್ತಿದ್ದವು. ನಳಿಗೆ ಮೂಗಿಗೆ ಇತ್ತು. ಕೆಮ್ಮು ನಿಂತದ್ದನ್ನು ಕೇಳಿ ಸುಗಂಧಾ ಹೋಗಿ ನೋಡಿದಳು.

ಸುದ್ದಿ ವಖಾರಿಗೆ ಹೋಯಿತು. ದುಂಡವ್ವ ಮತ್ತು ನಾಲ್ಕಾರು ಹೆಂಗಸರು ಸೆರಗಿನ ಧೂಳನ್ನೂ ಝಾಡಿಸದೆ ಬಂದರು. ಅಳುವಾಯಿತು. ಸತ್ತವರ ತಲೆಯ ಹತ್ತಿರ ದೀಪ ಇಡಬೇಕು. ದುಂಡವ್ವ ಹಿತ್ತಿಲಿನ ತುಳಸಿಯ ಹಣತೆಯನ್ನೇ ತೊಳೆದು, ಎಣ್ಣೆ ಬತ್ತಿ ಹಾಕಿ ತಂದಳು. ಒಳಗೆ ಕಾಲಿಡುವಾಗ ಭರಮು ತಲೆ ಎತ್ತಿದ.

"ದೀಪ ಒಳಗ ತರಬ್ಯಾಡ ಚಿಗವ್ವಾ."

"ಯಾಕಪಾ?"

"ಗ್ಯಾಸ್ ಐತಿ. ಅವ್ವಗ ಹಚ್ಚೇನಿ."

ದುಂಡವ್ವ ಹಚ್ಚದ ಹಣತೆ ಹಿಡಿದು ಹೊಸ್ತಿಲಲ್ಲೇ ನಿಂತಳು. ಯಾರಾದರೂ ಸ್ವಿಚ್ ಆರಿಸಬೇಕು. ಯಾರಿಗೂ ಅದನ್ನು ಮುಟ್ಟುವ ಧೈರ್ಯ ಇರಲಿಲ್ಲ. ಪೆಟ್ಟಿಗೆಗಳಲ್ಲಿ ಚಾಳಣಿಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಸುಗಂಧಾ ಸಕ್ಕುವನ್ನು ದುಂಡವ್ವನ ಕಂಕುಳಿಗೆ ಕೊಟ್ಟು, ಬಂದು ಗಂಡನ ಪಕ್ಕ ನೆಲದ ಮೇಲೆ ಕುಳಿತಳು. ಸ್ವಿಚ್ಚು ಅವಳ ಕೈಗೂ ನಿಲುಕುತ್ತಿತ್ತು. ಮುಟ್ಟಲಿಲ್ಲ.

"ಬಾಟ್ಲಿ ನೋಡು," ಎಂದ ಅವನು. "ಎಲ್ಲಾ ಬರೋಬ್ಬರಿ ಬರಾಕತ್ತೈತಿ."

"ಹೌದ್ರಿ. ಎಲ್ಲಾ ಬರೋಬ್ಬರಿ ಐತಿ."

"ಒಂದೂ ಮನಿ ಬಂದ್ ಆಗಿಲ್ಲ."

"ಇಲ್ರಿ. ಒಂದೂ ಆಗಿಲ್ಲ."

ಅವನು ಮತ್ತೆ ಬಾಟ್ಲಿ ನೋಡಿದ. ಅವಳು ಕಾದಳು. ಆಮೇಲೆ, ಕೂಸಿಗೆ ಹೇಳುವಷ್ಟು ಮೆಲ್ಲಗೆ, ಹೇಳಿದಳು. "ಅತ್ತಿ ಈ ಖೋಲ್ಯಾಗ ದೀಪ ಹಚ್ಚಲಾರದ ವರ್ಷ ಆಗಾಕ ಬಂತ್ರಿ. ಸಣ್ಣ ಬತ್ತಿ ಸಾಕು ಅಂತಿದ್ರು. ಇವತ್ತ ಕೊಡ್ರಿ."

ಭರಮು ಕೈ ಚಾಚಿ ಅವ್ವನ ಮೂಗಿನಿಂದ ನಳಿಗೆ ತೆಗೆದ. ಅದು ಒತ್ತಿದ್ದ ಗುರುತನ್ನು ಹೆಬ್ಬೆರಳಿನಿಂದ ಸವರಿದ. ಎದ್ದು ಸ್ವಿಚ್ ಆರಿಸಿದ.

ಸದ್ದು ನಿಂತಿತು. ಬಾಟ್ಲಿಯಲ್ಲಿ ಎರಡು ಗುಳ್ಳೆ ಬಂದವು, ಸ್ವಲ್ಪ ತಡೆದು ಇನ್ನೊಂದು. ಗಾಜಿನ ಬರಣಿಯಲ್ಲಿ ಸತ್ತೆವ್ವನ ಚಾಳಣಿಯ ತಂತಿಗಳ ಮೇಲೆ ಕೊನೆಯ ಗುಳ್ಳೆಗಳು ಸಾಬೂದಾಣಿಯಂತೆ ಅಂಟಿಕೊಂಡಿದ್ದವು. ಅವನು ದಿನದಂತೆ ಉಗುರಿನಿಂದ ಎರಡು ಸಲ ತಟ್ಟಿದ. ಅವು ಎದ್ದು ಹೋದವು. ಕಿಟಕಿ, ಹಿತ್ತಿಲ ಬಾಗಿಲು ಎರಡನ್ನೂ ತೆರೆದ. ಗಾಳಿ ಒಂದು ಸುತ್ತು ಆಡಿ ಹೋಗುವವರೆಗೆ ಎಲ್ಲರನ್ನೂ ಕೈಸನ್ನೆಯಿಂದ ನಿಲ್ಲಿಸಿದ. ಬೀದಿಯಲ್ಲಿ ಚಟ್ಟಕ್ಕೆ ಬಿದಿರು ತಂದವರೂ ಕಾಯುತ್ತಿದ್ದರು.

"ಈಗ ತರ್ರಿ," ಎಂದ.

ದುಂಡವ್ವ ಹಣತೆಯನ್ನು ತಲೆದಿಂಬಿನ ಹತ್ತಿರ ಇಟ್ಟಳು. ಸುಗಂಧಾ ಕಡ್ಡಿ ಗೀರಿ ಹಚ್ಚಿದಳು. ಭರಮು ಮೊಣಕಾಲೂರಿ ಕುಳಿತು ಜ್ಯೋತಿಯನ್ನೇ ನೋಡಿದ. ಆಕ್ಸಿಜನ್ ಇದ್ದಲ್ಲಿ ಬೆಂಕಿ ಹೇಗೆ ಬೆಳ್ಳಗೆ ಎದ್ದು ಉರಿಯುತ್ತದೆಂದು ಅವನಿಗೆ ಗೊತ್ತಿತ್ತು. ಇದು ಹಳದಿಯಾಗಿ, ಸಣ್ಣಗೆ, ಎಲ್ಲರ ಮನೆಯ ದೀಪದಂತೆ ಉರಿಯುತ್ತಿತ್ತು.

"ಏನೂ ಉಳದಿಲ್ಲ," ಎಂದ ಅವನು, ಆಮೇಲೆ ಅಳತೊಡಗಿದ.